ಕೋಟಿ ಗ್ರಹಗಳೂ ಬೆರಳೆಣಿಕೆಯ ಗ್ರಹಗಳೂ

ವಿಡಿಯೋ ಆಟಗಳ ವಿಚಾರವನ್ನು ಸಾಹಿತ್ಯದ ಪುಟದಲ್ಲಿ ಎತ್ತುವುದು ಉಚಿತವೇ ಎಂದು ಕೇಳುವವರು ಇನ್ನೂ ಇದ್ದಾರೆ. ಅವರಿಗೆ ದೀರ್ಘವಾಗಿ ಉತ್ತರ ಕೊಡುವ ಗೋಜಿಗೆ ನಾನು ಹೋಗುವುದಿಲ್ಲ. ಕಾಲೇಜಿನ ಹುಡುಗರಲ್ಲಿ ಅನೇಕರು ಒಂದು ಕಾದಂಬರಿಗೆ ಕೊಡುವ ಹೊತ್ತಿನ ಹತ್ತರಷ್ಟನ್ನು ಒಂದು ಆಟಕ್ಕೆ ಕೊಡುತ್ತಾರೆ. ಅಷ್ಟು ಹೊತ್ತನ್ನು ನುಂಗುವ ಕೃತಿ ಪ್ರತಿಯಾಗಿ ಏನನ್ನು ಕೊಡುತ್ತದೆ ಎಂದು ವಿಚಾರಿಸುವುದು ವಿಮರ್ಶೆಯ ಕೆಲಸವಲ್ಲದೆ ಮತ್ತಾರ ಕೆಲಸ? ಆಟಗಳಲ್ಲಿಯೂ ಹಲವು ಜಾತಿಗಳುಂಟು. ಒಂದು ನೌಕೆಯನ್ನು ಕೈಗೆ ಕೊಟ್ಟು, ಇಂಥದೇ ದಾರಿಯೆಂದು ಕಟ್ಟುಮಾಡದೆ, ನಕ್ಷತ್ರಲೋಕದಲ್ಲಿ ಇಷ್ಟಬಂದಂತೆ ಅಲೆಯಲು ಬಿಡುವ ಜಾತಿಯೊಂದನ್ನು ಮಾತ್ರ ಇಲ್ಲಿ ತೆಗೆದುಕೊಂಡಿದ್ದೇನೆ.

ಈ ಆಟಗಳು ತಮ್ಮ ಹಿರಿಮೆಯನ್ನು ಹೇಳಿಕೊಳ್ಳುವುದು ಸಾಮಾನ್ಯವಾಗಿ ಅಂಕಿಗಳ ಮೂಲಕ. 2016ರ ಆಗಸ್ಟಿನಲ್ಲಿ ಹೊರಬಂದ ‘ನೋ ಮ್ಯಾನ್ಸ್ ಸ್ಕೈ’ಯನ್ನೇ ನೋಡಿ. ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಊರಿನ ಹೆಲೋ ಗೇಮ್ಸ್ ಎಂಬ ಚಿಕ್ಕ ಸಂಸ್ಥೆ ಅದನ್ನು ಮಾಡಿತು. ಅದರಲ್ಲಿರುವ ಗ್ರಹಗಳ ಸಂಖ್ಯೆ ಎರಡರ ಅರವತ್ತನಾಲ್ಕನೆಯ ಘಾತ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 1,84,467 ಕೋಟಿ ಕೋಟಿಗೂ ಮಿಕ್ಕದ್ದು. ಗ್ರಹಕ್ಕೆ ಒಂದೊಂದೇ ಸೆಕೆಂಡು ಕೊಟ್ಟು ನೋಡುತ್ತ ಹೋದರೂ ಎಲ್ಲವನ್ನೂ ಮುಗಿಸುವುದಕ್ಕೆ 58,000 ಕೋಟಿ ವರ್ಷಕ್ಕಿಂತ ಹೆಚ್ಚು ಬೇಕು. ನಿಜವಾದ ವಿಶ್ವದ ವಯಸ್ಸಾದರೋ ಸುಮಾರು 1,380 ಕೋಟಿ ವರ್ಷ. ಚತುರ್ಮುಖನೇ ನಾಚಬೇಕಾದ ಲೆಕ್ಕ ಇದು.

ಇಷ್ಟು ಗ್ರಹಗಳನ್ನು ಯಾರೂ ಕುಳಿತು ಚಿತ್ರಿಸಿಲ್ಲ, ಎಲ್ಲಿಯೂ ಕೂಡಿಟ್ಟೂ ಇಲ್ಲ. ಗ್ರಹವಿರುವ ಸ್ಥಾನವನ್ನು ಸೂಚಿಸುವ ಅಂಕಿಯೇ ಅದರ ಬೀಜ. ನೌಕೆ ಹತ್ತಿರಕ್ಕೆ ಬಂದಾಗ ಗಣಿತದ ಸೂತ್ರಗಳು ಆ ಬೀಜದಿಂದ ಬೆಟ್ಟದ ಎತ್ತರ, ಕಣಿವೆಯ ತಗ್ಗು, ಆಕಾಶದ ಬಣ್ಣ, ಹುಲ್ಲಿನ ನಮೂನೆ ಎಲ್ಲವನ್ನೂ ಆಗಿಂದಾಗಲೇ ಹುಟ್ಟಿಸುತ್ತವೆ. ನೌಕೆ ದೂರ ಸರಿದರೆ ಗ್ರಹ ಅಳಿಯುತ್ತದೆ. ಮತ್ತೆ ಬಂದರೆ ಅದೇ ಬೀಜದಿಂದ ಅದೇ ಗ್ರಹ ಮೊಳೆಯುತ್ತದೆ. ಪ್ರಾಣಿಗಳೂ ಹೀಗೆಯೇ: ಚಿತ್ರಕಾರರು ಮಾಡಿಕೊಟ್ಟ ತಲೆ, ಮೈ, ಕಾಲು, ಕೋಡುಗಳನ್ನು ಯಂತ್ರ ಜೋಡಿಸಿ ಬಣ್ಣ ಹಚ್ಚುತ್ತದೆ. ವಿದ್ಯೆ ಬೆರಗಿನದೆಂಬುದರಲ್ಲಿ ಸಂದೇಹವಿಲ್ಲ.

ಮೊದಲನೆಯ ಗ್ರಹದಲ್ಲಿ ಇಳಿದಾಗ ನನಗಾದ ಸಂತೋಷ ನಿಜವಾದದ್ದು. ಕಿತ್ತಳೆ ಬಣ್ಣದ ಆಕಾಶ, ಮೈ ಸುಡುವ ಮಳೆ, ದೂರದ ಗುಡ್ಡದ ಮೇಲೆ ಯಾವುದೋ ಉದ್ದ ಕುತ್ತಿಗೆಯ ಮೃಗ. ಎರಡನೆಯದರಲ್ಲಿ ಆಕಾಶ ಹಸುರು. ಹತ್ತನೆಯದರಲ್ಲಿ ಎಲ್ಲೆಲ್ಲೂ ಹಿಮ. ಇಪ್ಪತ್ತನೆಯದಕ್ಕೆ ಬರುವ ಹೊತ್ತಿಗೆ ನಾನು ಆಕಾಶದ ಕಡೆ ನೋಡುವುದನ್ನೇ ಬಿಟ್ಟಿದ್ದೆ. ಏಕೆಂದರೆ ಬಹುಮಟ್ಟಿಗೆ ಯಾವ ಗ್ರಹಕ್ಕೆ ಹೋದರೂ ಕೆಂಪು ಗಿಡದಲ್ಲಿ ಆಮ್ಲಜನಕ, ಹಳದಿ ಗಿಡದಲ್ಲಿ ಸೋಡಿಯಂ, ಬಂಡೆಯನ್ನು ಒಡೆದರೆ ಅದೇ ಲೋಹದ ಪುಡಿ. ಕಾವಲಿಗೆ ಅವೇ ತೇಲುವ ಯಂತ್ರಗಳು. ಗುಡ್ಡದಾಚೆ ಒಂದು ಕಟ್ಟಡವಿದ್ದರೆ ಅದೂ ಅದೇ ಅಚ್ಚಿನದು. ಕಣ್ಣು ಹೊಸದನ್ನು ಕಾಣುತ್ತಿದ್ದರೂ ಕೈ ಹಳೆಯದನ್ನೇ ಮಾಡುತ್ತಿತ್ತು. ಕೈಗೆ ತಿಳಿದದ್ದನ್ನು ಕಣ್ಣಿಗೆ ಬಹಳ ಹೊತ್ತು ಬಚ್ಚಿಡಲಾಗುವುದಿಲ್ಲ.

ಯಂತ್ರದಿಂದ ಹೀಗೆ ಹುಟ್ಟಿಸುವ ಕಲೆಯನ್ನು ಅಭ್ಯಾಸ ಮಾಡಿದ ಕೇಟ್ ಕಾಂಪ್ಟನ್ ಎಂಬ ಅಮೆರಿಕದ ವಿದುಷಿ ಇದಕ್ಕೊಂದು ಸೊಗಸಾದ ಹೋಲಿಕೆ ಕೊಟ್ಟಿದ್ದಾರೆ: ಹತ್ತು ಸಾವಿರ ಬಟ್ಟಲು ಓಟ್ಸ್ ಗಂಜಿ. ಕಾಳು ಬಿದ್ದಿರುವ ರೀತಿಯನ್ನು ನೋಡಿದರೆ ಒಂದು ಬಟ್ಟಲು ಇನ್ನೊಂದರಂತಿಲ್ಲ. ಗಣಿತದ ಕಣ್ಣಿಗೆ ಹತ್ತು ಸಾವಿರವೂ ಬೇರೆಬೇರೆ. ಉಣ್ಣುವವನಿಗೆ ಮಾತ್ರ ಎಲ್ಲವೂ ಗಂಜಿಯೇ. ಇದು ಅದಲ್ಲ ಎಂದು ಗೊತ್ತಾಗುವಷ್ಟು ಭಿನ್ನವಾಗಿರುವುದು ಒಂದು ಬಗೆ, ಮನಸ್ಸಿನಲ್ಲಿ ತನ್ನದೇ ಒಂದು ಜಾಗ ಹಿಡಿದು ಕೂಡುವುದು ಇನ್ನೊಂದು ಬಗೆ ಎಂದು ಅವರು ಭೇದ ಮಾಡುತ್ತಾರೆ.

ಹಳಗನ್ನಡ ಓದಿದವನಿಗೆ ಈ ಗಂಜಿಯ ರುಚಿ ಹೊಸದಲ್ಲ. ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳಿರತಕ್ಕದ್ದೆಂದು ಲಾಕ್ಷಣಿಕರು ವಿಧಿಸಿದರಷ್ಟೆ: ಸಮುದ್ರ, ಪರ್ವತ, ಪುರ, ಋತು, ಸೂರ್ಯೋದಯ, ಚಂದ್ರೋದಯ, ವನವಿಹಾರ, ಜಲಕ್ರೀಡೆ ಇತ್ಯಾದಿ. ಈ ಪಟ್ಟಿ ಸಣ್ಣ ಕವಿಗಳ ಕೈಗೆ ಸಿಕ್ಕಿ ಏನಾಯಿತೆಂಬುದನ್ನು, ಎಂ.ಎ. ತರಗತಿಗಾಗಿ ಚಂಪೂಗಳನ್ನು ಸಾಲಾಗಿ ಓದಿದವರೆಲ್ಲ ಬಲ್ಲರು. ಶಬ್ದ ಬೇರೆ, ಶ್ಲೇಷೆ ಬೇರೆ, ವೃತ್ತ ಬೇರೆ. ಆದರೆ ಒಂದು ಕಾವ್ಯದ ಸಮುದ್ರವನ್ನು ಕಿತ್ತು ಇನ್ನೊಂದರಲ್ಲಿಟ್ಟರೆ ಎರಡಕ್ಕೂ ಯಾವ ನಷ್ಟವೂ ಇಲ್ಲ. ಪಂಪನ ಬನವಾಸಿಯನ್ನು ಹಾಗೆ ಕೀಳಲಾದೀತೆ? ಅದೂ ವರ್ಣನೆಯೇ, ದೇಶವರ್ಣನೆಯ ಚೌಕಟ್ಟು ಅವನಿಗೂ ಹಿಂದಿನಿಂದ ಬಂದದ್ದೇ. ಆದರೂ ಆ ನೆಲಕ್ಕೂ ಅದನ್ನು ನೆನೆಯುವ ಮನಸ್ಸಿಗೂ ನಡುವೆ ಏನೋ ನಡೆದುಹೋಗಿದೆ. ಬೇರೊಂದು ಊರಿನ ಹೆಸರನ್ನು ಅಲ್ಲಿ ಕೂಡಿಸಿದರೆ ಪದ್ಯ ಬಾಡುತ್ತದೆ. ಹಿಂದಿನ ಕವಿಗಳು ಎಲ್ಲವನ್ನೂ ಹೇಳಿಬಿಟ್ಟ ಮೇಲೆ ಕಾವ್ಯ ಬತ್ತಿಹೋಗುವುದಿಲ್ಲವೇ ಎಂಬ ಪ್ರಶ್ನೆಯನ್ನು ಆನಂದವರ್ಧನ ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಎತ್ತಿಕೊಂಡಿದ್ದಾನೆ. ಉತ್ತರವನ್ನು ಅವನು ರಸದಲ್ಲಿ ಹುಡುಕಿದನೇ ಹೊರತು ವರ್ಣಿಸುವ ವಸ್ತುಗಳ ಸಂಖ್ಯೆಯಲ್ಲಿ ಹುಡುಕಲಿಲ್ಲ.

ಈ ಆಟಗಳಿಗೂ ನಾನು ಹಿಡಿಯುವ ಒರೆಗಲ್ಲು ಅದೇ. ಒಂದು ಗ್ರಹವನ್ನು ಅದಿರುವ ಕಡೆಯಿಂದ ಕಿತ್ತು ಬೇರೆ ಕಡೆ ಇಟ್ಟರೆ ಏನಾದರೂ ಕೆಡುತ್ತದೆಯೆ? ಅದನ್ನು ನಾನು ಮರೆತುಬಿಟ್ಟರೆ ಮುಂದೆ ಎಲ್ಲಾದರೂ ನನಗೆ ತೊಡಕಾಗುತ್ತದೆಯೆ? ಎರಡಕ್ಕೂ ಇಲ್ಲವೆಂದು ಉತ್ತರ ಬಂದರೆ, ಅಂಥ ಗ್ರಹಗಳು ಕೋಟಿಯಿದ್ದರೂ ಒಂದೇ, ಒಂದಿದ್ದರೂ ಒಂದೇ.

ಯಂತ್ರ ಹುಟ್ಟಿಸಿದ್ದೆಲ್ಲ ಟೊಳ್ಳು, ಕೈಯಿಂದ ಮಾಡಿದ್ದೆಲ್ಲ ಗಟ್ಟಿ ಎಂದು ಇದಕ್ಕೆ ಅರ್ಥ ಮಾಡಬಾರದು. ಹಾಗೆ ಹೇಳುವವರಿದ್ದಾರೆ. ಅವರು ಈ ಜಾತಿಯ ಮೂಲಪುರುಷನೆನ್ನಬಹುದಾದ ‘ಎಲೀಟ್’ ಅನ್ನು ನೆನೆಯಬೇಕು. 1984ರಲ್ಲಿ ಡೇವಿಡ್ ಬ್ರೇಬನ್, ಇಯನ್ ಬೆಲ್ ಎಂಬ ಇಬ್ಬರು ಕೇಂಬ್ರಿಜ್ ವಿದ್ಯಾರ್ಥಿಗಳು ಬಿ.ಬಿ.ಸಿ. ಮೈಕ್ರೋ ಎಂಬ ಗಣಕಕ್ಕಾಗಿ ಅದನ್ನು ಬರೆದರು. ಆ ಗಣಕದ ಒಟ್ಟು ನೆನಪಿನ ಶಕ್ತಿ 32 ಕಿಲೋಬೈಟು. ಇಂದು ಒಂದು ಸಣ್ಣ ಭಾವಚಿತ್ರಕ್ಕೂ ಅದು ಸಾಲದು. ಅಷ್ಟರಲ್ಲಿ ಎಂಟು ಬ್ರಹ್ಮಾಂಡ, ಒಂದೊಂದರಲ್ಲಿ 256 ಗ್ರಹ. ಎಲ್ಲವೂ ಅಂಕಿಯ ಬೀಜದಿಂದ ಮೊಳೆತವೇ. ಇಬ್ಬರ ಮೊದಲಿನ ಆಸೆ ಸುಮಾರು 281 ಲಕ್ಷ ಕೋಟಿ ಬ್ರಹ್ಮಾಂಡಗಳಿಗಿತ್ತು. ಪ್ರಕಾಶಕರಾದ ಏಕಾರ್ನ್‌ಸಾಫ್ಟ್‌ನವರು ಬೇಡವೆಂದರು; ಅಷ್ಟನ್ನು ತೋರಿಸಿದರೆ ಇದೆಲ್ಲ ಬರಿಯ ಗಣಿತವೆಂಬ ಗುಟ್ಟು ರಟ್ಟಾಗುತ್ತದೆಂಬುದು ಅವರ ಎಣಿಕೆ. ಪ್ರಕಾಶಕರಿಂದಲೂ ಒಮ್ಮೊಮ್ಮೆ ಸಾಹಿತ್ಯಕ್ಕೆ ಉಪಕಾರವಾಗುವುದುಂಟು. (ಯಂತ್ರ ತಾನಾಗಿಯೇ ಒಂದು ಗ್ರಹಕ್ಕೆ ಸಭ್ಯರ ಮುಂದೆ ಹೇಳಬಾರದ ಹೆಸರನ್ನಿಟ್ಟಿತೆಂದು ಇಡೀ ಬ್ರಹ್ಮಾಂಡವೊಂದನ್ನೇ ಕೈಬಿಟ್ಟರಂತೆ!)

ಆ 2,048 ಗ್ರಹಗಳಲ್ಲಿ ಒಂದರ ಮೇಲೂ ಇಳಿಯುವಂತಿರಲಿಲ್ಲ. ಅವು ತೆರೆಯ ಮೇಲೆ ಬರಿಯ ದುಂಡುಗೆರೆಗಳು. ಹೀಗಿದ್ದರೂ ಅವುಗಳಿಗೆ ಒಂದು ತೂಕವಿತ್ತು. ನಕ್ಷೆಯಲ್ಲಿ ಒಂದು ಗ್ರಹದ ಮುಂದೆ ‘ಅರಾಜಕ’ ಎಂದು ಬರೆದಿದ್ದರೆ ಅಲ್ಲಿಗೆ ಹೋಗುವ ದಾರಿಯಲ್ಲಿ ಕಡಲುಗಳ್ಳರಂಥವರು ಹೆಚ್ಚು. ಕೃಷಿಯ ಗ್ರಹದಲ್ಲಿ ಆಹಾರ ಅಗ್ಗ, ಯಂತ್ರ ತುಟ್ಟಿ. ಕೈಗಾರಿಕೆಯ ಗ್ರಹದಲ್ಲಿ ಇದು ತಿರುಗುಮುರುಗು. ಆದುದರಿಂದ ಒಂದು ಗ್ರಹ ಇನ್ನೊಂದರ ಪಕ್ಕದಲ್ಲಿರುವುದಕ್ಕೆ ಅರ್ಥವಿತ್ತು. ಬಡ ವ್ಯಾಪಾರಿ ಮೂರು ಟನ್ನು ಸರಕು ಹೊತ್ತು ಅರಾಜಕ ಗ್ರಹವನ್ನು ಹಾಯಬೇಕೋ ಸುತ್ತಿ ಹೋಗಬೇಕೋ ಎಂದು ನಕ್ಷೆಯ ಮೇಲೆ ಬೆರಳಿಟ್ಟು ಯೋಚಿಸಬೇಕಾಗಿತ್ತು. ಬೀಜದಿಂದ ಮೊಳೆತ ಒಂದು ಅಂಕಿ ಮನುಷ್ಯನಲ್ಲಿ ಹೆದರಿಕೆ ಹುಟ್ಟಿಸಿದ ಮೇಲೆ ಅದನ್ನು ಟೊಳ್ಳೆನ್ನುವುದು ಹೇಗೆ?

ಅದೇ ಬ್ರೇಬನ್ನರ ಸಂಸ್ಥೆ 2014ರ ಡಿಸೆಂಬರಿನಲ್ಲಿ ‘ಎಲೀಟ್ ಡೇಂಜರಸ್’ ಅನ್ನು ತಂದಿತು. ಇದರಲ್ಲಿರುವುದು ನಮ್ಮ ಕ್ಷೀರಪಥವೇ, ನಿಜವಾದ ಅಳತೆಯಲ್ಲಿ. ಸುಮಾರು 40,000 ಕೋಟಿ ನಕ್ಷತ್ರವ್ಯೂಹಗಳು. ಖಗೋಳಜ್ಞರ ಪಟ್ಟಿಯಲ್ಲಿರುವ ತಾರೆಗಳು ತಂತಮ್ಮ ಸ್ಥಾನದಲ್ಲಿವೆ. ಉಳಿದವನ್ನು ಸೂತ್ರಗಳು ತುಂಬಿವೆ. ಬೇಸರದ ವಿಷಯದಲ್ಲಿ ಇದು ಯಾರಿಗೂ ಕಡಮೆಯಿಲ್ಲ. ನೆಗೆತ, ಇಂಧನ ತುಂಬುವುದು, ಮತ್ತೆ ನೆಗೆತ, ಗಂಟೆಗಟ್ಟಲೆ ಇದೇ. ಆದರೆ ಇಲ್ಲಿ ದೂರವೆಂಬುದು ದೂರವಾಗಿಯೇ ಉಳಿದಿದೆ. ಭೂಮಿಯಿಂದ ಸುಮಾರು 65,000 ಜ್ಯೋತಿರ್ವರ್ಷ ಆಚೆಯ ಬೀಗಲ್ ಪಾಯಿಂಟ್ ತಲಪಿದವನಿಗೆ ಅಲ್ಲಿ ಕಾಣುವುದು ಇನ್ನೊಂದು ನಕ್ಷತ್ರವಷ್ಟೆ. ಅವನು ಅಲ್ಲಿಯವರೆಗೆ ಬಂದನೆಂಬುದೇ ಅದರ ಅರ್ಥ. 2019ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಹೆಸರು ಕೊಟ್ಟು ಆ ಕಡೆಗೆ ಜಾತ್ರೆಯಂತೆ ಹೊರಟರು. ನಡುದಾರಿಯಲ್ಲಿ ಇಂಧನ ಬತ್ತಿ ನಿಂತವರನ್ನು ಹುಡುಕಿಕೊಂಡು ಹೋಗಿ ಇಂಧನ ಕೊಟ್ಟು ಬರುವ ‘ಫ್ಯೂಯೆಲ್ ರ್ಯಾಟ್ಸ್’ ಎಂಬ ಸೇವಾದಳವೊಂದನ್ನು ಆಟಗಾರರು ತಾವೇ ಕಟ್ಟಿಕೊಂಡಿದ್ದಾರೆ. ಶೂನ್ಯ ನಿಜವಾಗಿ ಶೂನ್ಯವಾಗಿದ್ದುದರಿಂದಲೇ ಈ ಪರೋಪಕಾರಕ್ಕೆ ಎಡೆಯಾಯಿತೆಂಬುದನ್ನು ಮರೆಯಬಾರದು.

ಇನ್ನು ‘ಸ್ಟಾರ್‌ಫೀಲ್ಡ್’ನ ಮಾತು. ಇದರ ಬಗ್ಗೆ ನನಗೆ ಸ್ವಲ್ಪ ಖಾರವಾಗಿಯೇ ಹೇಳಬೇಕೆನಿಸುತ್ತದೆ. ಏಕೆಂದರೆ ಮಾಡಿದವರು ಅಸಮರ್ಥರಲ್ಲ. ಅಮೆರಿಕದ ಬೆಥೆಸ್ಡಾ ಸಂಸ್ಥೆ 2011ರಲ್ಲಿ ಕೊಟ್ಟ ‘ಸ್ಕೈರಿಮ್’ ಎಂಬ ಆಟದಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ಕಾಲುದಾರಿಯಲ್ಲಿ ನಡೆಯುವುದೇ ಒಂದು ಸುಖ. ಹೊರಟ ಕೆಲಸ ಒಂದಿರುತ್ತದೆ. ದಾರಿಯಲ್ಲಿ ಹೊಗೆ ಕಾಣುತ್ತದೆ, ಅತ್ತ ತಿರುಗುತ್ತೇವೆ, ಕೆಲಸ ಮರೆಯುತ್ತದೆ. ಅದೇ ಸಂಸ್ಥೆ 2023ರ ಸೆಪ್ಟೆಂಬರಿನಲ್ಲಿ ಸಾವಿರಕ್ಕೂ ಹೆಚ್ಚು ಗ್ರಹಗಳನ್ನು ಕೊಟ್ಟು, ದಾರಿಯನ್ನು ಕಿತ್ತುಕೊಂಡಿತು. ನಕ್ಷೆಯಲ್ಲಿ ಗ್ರಹವನ್ನು ಮುಟ್ಟಿದರೆ ತೆರೆ ಕಪ್ಪಾಗುತ್ತದೆ, ಬೆಳಗಾದರೆ ನಾವು ಅಲ್ಲಿ ನಿಂತಿರುತ್ತೇವೆ. ಸುತ್ತಲೂ ಬಯಲು, ದೂರದಲ್ಲಿ ಪಾಳುಬಿದ್ದ ಶೀತಲ ಪ್ರಯೋಗಶಾಲೆಯೊಂದು. ಒಳಗೆ ಹೋದರೆ ಹಿಮ ಕಟ್ಟಿದ ಕೊಳವೆಗಳು, ಬಿದ್ದಿರುವ ಹೆಣಗಳು, ಸತ್ತವನು ಬರೆದಿಟ್ಟ ಟಿಪ್ಪಣಿ. ಓದಿ ಮನಸ್ಸು ಕಲಕುತ್ತದೆ. ಎಷ್ಟೋ ಜ್ಯೋತಿರ್ವರ್ಷ ದೂರದ ಬೇರೊಂದು ಗ್ರಹದಲ್ಲಿ ಇಳಿದರೆ ಅಲ್ಲಿಯೂ ಅದೇ ಪ್ರಯೋಗಶಾಲೆ, ಅದೇ ಮೂಲೆಯಲ್ಲಿ ಅದೇ ಹೆಣ, ಅದೇ ಟಿಪ್ಪಣಿ.

‘ನೋ ಮ್ಯಾನ್ಸ್ ಸ್ಕೈ’ಯ ಪುನರುಕ್ತಿಗಿಂತ ಇದು ಹೆಚ್ಚು ಕೆಟ್ಟದ್ದೆಂದು ನನ್ನ ಅಭಿಪ್ರಾಯ. ಗಿಡ ಎರಡು ಕಡೆ ಬೆಳೆದರೆ ಅದು ಪ್ರಕೃತಿ. ಒಬ್ಬನ ಸಾವು ಎರಡು ಕಡೆ ನಡೆದರೆ ಮೊದಲನೆಯ ಸಲ ಪಟ್ಟ ಮರುಕವೂ ಹಿಂದಕ್ಕೆ ಹೋಗಿ ಸುಳ್ಳಾಗುತ್ತದೆ. ಇದು ಯಂತ್ರ ಹುಟ್ಟಿಸಿದ ಮನೆಯೂ ಅಲ್ಲ. ಜಾಣರು ಕೈಯಾರೆ ಮಾಡಿದ್ದು. ಯಂತ್ರ ಮಾಡಿದ ಕೆಲಸ ಅದನ್ನು ಎಲ್ಲೆಂದರಲ್ಲಿ ಬಿತ್ತಿದ್ದಷ್ಟೆ. ಬರಡು ಗ್ರಹಗಳು ಬೇಸರ ತರಿಸುವುದಿಲ್ಲವೇ ಎಂದಾಗ, ಚಂದ್ರನ ಮೇಲಿಳಿದವರಿಗೂ ಅಲ್ಲಿ ಏನೂ ಸಿಗಲಿಲ್ಲ, ಆದರೂ ಅವರಿಗೆ ಬೇಸರವಾಗಲಿಲ್ಲ ಎಂದು ಸಂಸ್ಥೆಯ ಹಿರಿಯರೊಬ್ಬರು ಸಮಾಧಾನ ಹೇಳಿದ್ದರು. ಮಾತು ಜಾಣತನದ್ದು. ಆದರೆ ಚಂದ್ರನ ಮೇಲಿಳಿದವರು ನಾಲ್ಕು ಲಕ್ಷ ಕಿಲೋಮೀಟರಿನಷ್ಟು ದಾರಿಯನ್ನು ಜೀವ ಕೈಯಲ್ಲಿ ಹಿಡಿದು ಕ್ರಮಿಸಿ ಇಳಿದಿದ್ದರು. ತೆರೆ ಕಪ್ಪಾಗಿ ಬೆಳಗಾಗಿ ಇಳಿದವರಲ್ಲ. ಮುಂದೆ 2024ರಲ್ಲಿ ಇದೇ ಸಂಸ್ಥೆ ಸಾವಿರ ಗ್ರಹಗಳ ಮಾತು ಬಿಟ್ಟು ಒಂದೇ ಗ್ರಹದ ಒಂದು ಸೀಮೆಯನ್ನು ಕೈಯಾರೆ ಕಟ್ಟಿ ‘ಷ್ಯಾಟರ್ಡ್ ಸ್ಪೇಸ್’ ಎಂಬ ಅನುಬಂಧವಾಗಿ ಕೊಟ್ಟಿತು. ಅದಕ್ಕೂ ಸಿಕ್ಕ ಮನ್ನಣೆ ಅಷ್ಟಕ್ಕಷ್ಟೆ. ಆದುದರಿಂದ ಕಿರಿದು ಮಾಡಿದ ಮಾತ್ರಕ್ಕೆ ಆಳವಾಗುತ್ತದೆಂದೂ ಹೇಳುವಂತಿಲ್ಲ.

ಭಾಷೆ ಕಲಿಸುವ ಕೆಲಸದವನಾದ್ದರಿಂದ ಒಂದು ಸಂಗತಿಯ ಕಡೆ ನನ್ನ ಗಮನ ವಿಶೇಷವಾಗಿ ಹೋಯಿತು. ‘ನೋ ಮ್ಯಾನ್ಸ್ ಸ್ಕೈ’ಯಲ್ಲಿ ಅನ್ಯಲೋಕದ ಜನಾಂಗಗಳಿವೆ, ಅವರ ನುಡಿಯನ್ನು ಆಟಗಾರ ಕಲಿಯಬಹುದು. ಅಲ್ಲಲ್ಲಿ ನಿಂತ ಕಲ್ಲುಗಳನ್ನು ಮುಟ್ಟಿದರೆ ಒಂದೊಂದು ಶಬ್ದ ಬರುತ್ತದೆ. ಆಮೇಲೆ ಅವರ ಮಾತಿನಲ್ಲಿ ಆ ಶಬ್ದದ ಜಾಗದಲ್ಲಿ ಇಂಗ್ಲಿಷು ಕಾಣುತ್ತದೆ. ಕಲ್ಪನೆ ಎಷ್ಟು ಚೆನ್ನಾಗಿದೆ ಎಂದು ಮೊದಲು ಹಿಗ್ಗಿದೆ. ನೂರು ಶಬ್ದ ಕಲಿತ ಮೇಲೆ ತಿಳಿಯಿತು, ಅದು ನುಡಿಯಲ್ಲ, ಮುಸುಕು ಹಾಕಿದ ಇಂಗ್ಲಿಷು; ಇಂಗ್ಲಿಷಿನ ಅನ್ವಯ, ಇಂಗ್ಲಿಷಿನ ಪದಕ್ರಮ. ಒಂದು ಭಾಷೆಯನ್ನು ಕಲಿತವನ ಮನಸ್ಸು ಲೋಕವನ್ನು ಬೇರೆಯಾಗಿ ವಿಭಾಗಿಸತೊಡಗುತ್ತದೆ. ಇಲ್ಲಿ ಅಂಥದೇನೂ ಆಗುವುದಿಲ್ಲ. ಶಬ್ದಗಳ ಸಂಖ್ಯೆ ಬೆಳೆಯುತ್ತದೆ, ಅಷ್ಟೆ. ಅದೂ ಗ್ರಹಗಳಂತೆಯೇ.

ಇದಕ್ಕೆ ಎದುರಾಗಿ ಇಡಬೇಕಾದ ಕೃತಿ 2019ರ ‘ಔಟರ್ ವೈಲ್ಡ್ಸ್’. ಅಲೆಕ್ಸ್ ಬೀಚಮ್ ಎಂಬವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಗಾಗಿ ಆರಂಭಿಸಿದ ಕೆಲಸವಂತೆ ಅದು. ಪದವಿಗಾಗಿ ಮಾಡಿದ್ದೆಲ್ಲ ಕಪಾಟಿನಲ್ಲಿಯೇ ಮುಗಿಯಬೇಕಾಗಿಲ್ಲವೆಂಬುದಕ್ಕೆ ಒಂದು ನಿದರ್ಶನ. ತರುವಾಯ ಮೋಬಿಯಸ್ ಡಿಜಿಟಲ್ ಎಂಬ ಸಣ್ಣ ಸಂಸ್ಥೆ ಅದನ್ನು ಪೂರ್ಣ ಮಾಡಿತು. 2020ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆ ವರ್ಷದ ಉತ್ತಮ ಆಟವೆಂದು ಅದನ್ನು ಗೌರವಿಸಿತು. ಅದರಲ್ಲಿರುವುದು ಒಂದೇ ಸೂರ್ಯ, ಬೆರಳಲ್ಲಿ ಎಣಿಸುವಷ್ಟು ಗ್ರಹಗಳು. ಪುನರಾವೃತ್ತಿಯ ಮಾತಿಗೆ ಬಂದರೆ ಇದರಷ್ಟು ನಿರ್ದಾಕ್ಷಿಣ್ಯವಾದ ಆಟ ಬೇರೊಂದಿಲ್ಲ. 22 ನಿಮಿಷಕ್ಕೆ ಸೂರ್ಯ ಸಿಡಿಯುತ್ತಾನೆ, ಎಲ್ಲವೂ ಬೂದಿಯಾಗುತ್ತದೆ, ಆಟಗಾರ ಮತ್ತೆ ಊರ ಬೆಂಕಿಯ ಪಕ್ಕದಲ್ಲಿ ಕಣ್ಣು ತೆರೆಯುತ್ತಾನೆ. ಮತ್ತೆ ಅದೇ 22 ನಿಮಿಷ.

ಆದರೆ ಆ ಗ್ರಹಗಳನ್ನು ನೋಡಿ. ಒಂದರ ಜೊತೆ ಒಂದು ಸುತ್ತುವ ಎರಡು ಅವಳಿ ಗ್ರಹಗಳಿವೆ. ಮರಳುಗಡಿಯಾರದಂತೆ ಒಂದರ ಮರಳು ಇನ್ನೊಂದಕ್ಕೆ ಸುರಿಯುತ್ತಿರುತ್ತದೆ. ಇತ್ತ ಮರಳು ಇಳಿದಂತೆ ಹುಗಿದ ಗೋಪುರಗಳು ತಲೆ ಎತ್ತುತ್ತವೆ, ಅತ್ತ ಮರಳು ಏರಿದಂತೆ ಗುಹೆಗಳು ಮುಚ್ಚುತ್ತವೆ. ಬೇಗ ಹೋದವನಿಗೆ ಗುಹೆ, ತಡವಾಗಿ ಹೋದವನಿಗೆ ಗೋಪುರ. ಇನ್ನೊಂದು ಗ್ರಹದ ಒಡಲು ಟೊಳ್ಳು, ನಡುವೆ ಕಪ್ಪುಕುಳಿ. ನೆಲದ ತುಂಡುಗಳು ಒಂದೊಂದಾಗಿ ಅದರೊಳಕ್ಕೆ ಬೀಳುತ್ತಿರುತ್ತವೆ. ಮತ್ತೊಂದು ಬರಿಯ ಕಡಲು. ಸುಂಟರಗಾಳಿಗಳು ದ್ವೀಪಗಳನ್ನೇ ಎತ್ತಿ ಆಕಾಶಕ್ಕೆಸೆಯುತ್ತವೆ. ಇವನ್ನು ಒಂದರ ಜಾಗದಲ್ಲಿ ಒಂದನ್ನು ಇಡಲಾಗುವುದಿಲ್ಲ. ಅವಳಿ ಇಲ್ಲದೆ ಅವಳಿಯಿಲ್ಲ.

ಹಿಂದೆ ಅಲ್ಲಿಗೆ ಬಂದು ಅಳಿದುಹೋದ ನೊಮಾಯ್ ಎಂಬ ಜನಾಂಗದ ಬರಹ ಗೋಡೆಗಳ ಮೇಲಿದೆ. ಬಳ್ಳಿಯ ಸುರುಳಿಯಂತೆ ಹೊರಟ ಒಂದು ಸಾಲು. ಅದಕ್ಕೆ ಇನ್ನೊಬ್ಬರು ಕೊಟ್ಟ ಉತ್ತರ ಅದರಿಂದಲೇ ಕವಲೊಡೆದ ಇನ್ನೊಂದು ಸುರುಳಿ. ಓದುವ ಯಂತ್ರ ಆಟಗಾರನ ಕೈಯಲ್ಲಿ ಮೊದಲೇ ಇದೆ; ಕಲಿಯಬೇಕಾದದ್ದು ಶಬ್ದವಲ್ಲ, ಆ ಜನ. ಅವರು ಜಗಳವಾಡುತ್ತಾರೆ, ಹಾಸ್ಯ ಮಾಡುತ್ತಾರೆ, ಒಬ್ಬರ ಲೆಕ್ಕವನ್ನು ಒಬ್ಬರು ತಿದ್ದುತ್ತಾರೆ. ಈ ಆಟದಲ್ಲಿ ಹಣವಿಲ್ಲ, ಆಯುಧವಿಲ್ಲ, ನೌಕೆಗೆ ಹೊಸ ರೆಕ್ಕೆ ಕೊಳ್ಳುವುದಿಲ್ಲ. ಒಂದು ಸುತ್ತಿನಿಂದ ಇನ್ನೊಂದಕ್ಕೆ ಉಳಿದು ಬರುವುದು ತಿಳಿವಳಿಕೆಯೊಂದೇ. ಎಲ್ಲವನ್ನೂ ಬಲ್ಲವನು ಒಂದೇ ಸುತ್ತಿನಲ್ಲಿ ಆಟವನ್ನು ಮುಗಿಸಬಹುದು. ಬಲ್ಲವನಾಗುವುದಕ್ಕೆ ಮಾತ್ರ ಹತ್ತಾರು ಸಲ ಸಾಯಬೇಕು.

ಪ್ರತಿ ಸಲ ಕಣ್ಣು ತೆರೆದಾಗ ಮೊದಲು ಕಾಣುವುದು ಆಕಾಶದಲ್ಲಿ ಆ ಕಡಲಗ್ರಹದ ಬಳಿ ಏನೋ ಸಿಡಿದು ಹಾರುವ ಒಂದು ಮಿಂಚು. ಹತ್ತು ಸಲ ಅದನ್ನು ಕಂಡೂ ಕಾಣದಂತೆ ಎದ್ದು ಹೊರಟೆ. ಮುಂದೆ ಒಂದು ದಿನ ಬೇರೆಲ್ಲೋ ಗೋಡೆಬರಹ ಓದುತ್ತಿರುವಾಗ ಆ ಮಿಂಚು ಏನೆಂಬುದು ಹೊಳೆಯಿತು. ಮುಂದಿನ ಸುತ್ತಿನಲ್ಲಿ ಅದೇ ಮಿಂಚನ್ನು ನೋಡಿದಾಗ ಎದೆ ಜಗ್ಗೆಂದಿತು. ಮಿಂಚು ಬದಲಾಗಿರಲಿಲ್ಲ. ಯಂತ್ರ ಹುಟ್ಟಿಸಿದ ಎಷ್ಟು ಹೊಸ ಗ್ರಹಗಳನ್ನು ಕೊಟ್ಟರೂ ಆ ಒಂದು ಹಳೆಯ ಮಿಂಚಿಗೆ ನಾನು ಬದಲು ಮಾಡಿಕೊಳ್ಳಲಾರೆ.

ಈ ಕೃತಿಗೂ ಮಿತಿಯಿದೆಯೆಂಬುದನ್ನು ಒಪ್ಪಬೇಕು. ಗುಟ್ಟುಗಳೆಲ್ಲ ತಿಳಿದ ಮೇಲೆ ಮೊದಲ ಸಲದ ಸುಖ ಮತ್ತೆ ಬರುವುದಿಲ್ಲ. ‘ನೋ ಮ್ಯಾನ್ಸ್ ಸ್ಕೈ’ಯಾದರೋ ವರ್ಷಗಟ್ಟಲೆ ಜೊತೆಗಿರುತ್ತದೆ. ಬಂದ ಹೊಸದರಲ್ಲಿ ಅದರ ಮೇಲೆ ಎದ್ದ ಗದ್ದಲ, ಜಾಹೀರಾತು ದಾರಿ ತಪ್ಪಿಸಿತೆಂದು ಬ್ರಿಟನ್ನಿನ ಜಾಹೀರಾತು ಮಂಡಳಿಗೆ ಹೋದ ದೂರು, 2016ರ ನವೆಂಬರಿನಲ್ಲಿ ಆ ದೂರು ವಜಾ ಆದದ್ದು, ಇವೆಲ್ಲ ಹಳೆಯ ಕಥೆ. ಮಾಡಿದವರು ಮುಖ ಮರೆಸಿಕೊಳ್ಳಲಿಲ್ಲ. ಬೇರೆ ಹಣ ಕೇಳದೆ ವರ್ಷವರ್ಷವೂ ಅದನ್ನು ಬೆಳೆಸಿದರು. 2018ರಲ್ಲಿ ಹಲವರು ಜೊತೆಗೂಡಿ ಆಡುವಂತೆ ಮಾಡಿದರು. ದಿನದ ದುಡಿಮೆ ಮುಗಿಸಿ ಬಂದು, ತಲೆ ಓಡಿಸದೆ ಅರ್ಧ ಗಂಟೆ ಹೂಗಿಡ ನೋಡಿಕೊಂಡು ಇರುತ್ತೇನೆನ್ನುವ ಮಿತ್ರರೊಬ್ಬರು ನನಗಿದ್ದಾರೆ. ಅವರ ವಿಶ್ರಾಂತಿಯನ್ನು ಹಳಿಯುವ ಅಧಿಕಾರ ನನಗಿಲ್ಲ. ಆದರೆ ಆ ಮಿತ್ರರೂ ಮಾಡಿದ್ದೇನು? ಒಂದು ಗ್ರಹವನ್ನು ಆರಿಸಿಕೊಂಡು ಕೆರೆಯ ದಂಡೆಯ ಮೇಲೆ ಮನೆ ಕಟ್ಟಿದರು. ಉಳಿದ ಕೋಟ್ಯಂತರ ಗ್ರಹಗಳ ಕಡೆ ಅವರು ಈಗ ತಿರುಗಿಯೂ ನೋಡುವುದಿಲ್ಲ.

ಲೇಖನವನ್ನೂ ಚಿತ್ರವನ್ನೂ ಯಂತ್ರಗಳು ಲೆಕ್ಕವಿಲ್ಲದಷ್ಟು ಹುಟ್ಟಿಸಿ ಸುರಿಯುತ್ತಿರುವ ಈ ಕಾಲದಲ್ಲಿ, ಈ ಆಟಗಳ ಚರ್ಚೆ ಆಟದವರಿಗೆ ಮಾತ್ರ ಸೇರಿದ್ದೆಂದು ನನಗೆ ತೋರುವುದಿಲ್ಲ. ಬರೆಯುವ ನಾವು ನಮ್ಮ ಬಟ್ಟಲುಗಳನ್ನೂ ಒಮ್ಮೆ ಮುಚ್ಚಳ ತೆಗೆದು ನೋಡಿಕೊಳ್ಳುವುದು ಮೇಲು.

‘ಔಟರ್ ವೈಲ್ಡ್ಸ್’ ಕನ್ನಡದಲ್ಲಿ ಇಲ್ಲ. ಅದರ ಗೋಡೆಬರಹಗಳನ್ನು ರಚಿಸಿದ ಕೆಲ್ಸಿ ಬೀಚಮ್ ಅವರ ಗದ್ಯ ಅನುವಾದಕ್ಕೆ ಒಗ್ಗುವಂಥದು. ಬಿಡುವಾದಾಗ ಕೆಲವನ್ನು ನನ್ನ ಸಂತೋಷಕ್ಕಾಗಿ ತಂದುಕೊಂಡೆ. ಅವರ ವಿದ್ವಾಂಸರು ಒಬ್ಬರನ್ನೊಬ್ಬರು ‘ನೀವು’ ಎನ್ನಬೇಕೋ ‘ನೀನು’ ಎನ್ನಬೇಕೋ ಎಂಬಲ್ಲಿ ತಡೆಯಾಯಿತು; ಇಂಗ್ಲಿಷು ಆ ತೊಂದರೆ ಕೊಡುವುದಿಲ್ಲ. ಮಕ್ಕಳ ಬರಹ ಸುಲಭವಾಗಿ ಬಂತು. ಅವಳಿ ಗ್ರಹದ ಗುಹೆಯೊಂದರಲ್ಲಿ ದೊಡ್ಡ ಮೀನೊಂದರ ಅಸ್ಥಿಪಂಜರವಿದೆ. ಅದರ ಬಳಿ ನೊಮಾಯ್ ಮಕ್ಕಳು ಆಡುತ್ತಿದ್ದ ಒಂದು ಆಟದ ನಿಯಮಗಳನ್ನು ಗೋಡೆಯ ಮೇಲೆ ಬರೆದಿಟ್ಟಿದ್ದಾರೆ. ಒಬ್ಬ ಮೀನಾಗಬೇಕು, ಉಳಿದವರು ತಪ್ಪಿಸಿಕೊಳ್ಳಬೇಕು. ಮಕ್ಕಳಾಟವೆಂದು ಓದಿ ಮುಂದೆ ಹೋಗುತ್ತೇವೆ. ಬಹಳ ದೂರದಲ್ಲಿ, ಮಂಜು ಕವಿದ ಮುಳ್ಳುಬಳ್ಳಿಗಳ ಇನ್ನೊಂದು ಗ್ರಹದೊಳಗೆ, ಜೀವಂತವಾದ ಅಂಥದೇ ಮೀನಿನ ಬಾಯ ಮುಂದೆ ನಿಂತಾಗ ಬದುಕಿಸುವುದು ಆ ನಿಯಮಗಳಲ್ಲಿ ಒಂದು. ಆ ಆಟಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಹೆಸರು, ನಾವೆಲ್ಲ ಆಡಿದ್ದೇ, ಸಿದ್ಧವಾಗಿದೆ. ಅದನ್ನು ಇಲ್ಲಿ ಹೇಳಿದರೆ ಇನ್ನೂ ಆಡದವರಿಗೆ ಗುಟ್ಟು ಬಯಲಾಗುತ್ತದೆ.